ಕೊಡಗಿನ ಮಳೆ ತಡೆಯೋ ಮರದ ಬೇಲಿಕಂಬ: ಮರ ಆರಿಸೋದ್ರಿಂದ ಹಿಡಿದು ನೆಡೋ ತನಕ

ನಿಮ್ಮ ಹಳೇ ಬೇಲೀಲಿ ಮುರಿದು ವಾಲಿರೋ ಕಂಬ ಒಂದಾದ್ರೂ ಇದ್ದೇ ಇರತ್ತೆ, ಹೊಸದು ತರೋ ಮೊದ್ಲು ಅದರ ಬುಡ ಅಗೆದು ಪೂರ್ತಿ ಹೊರಗೆ ತೆಗೆದು ನೋಡಿ. ಎರಡಡಿ ಆಳದಲ್ಲಿದ್ದ ತುದಿ ಎಷ್ಟೋ ಸಲ ಗಟ್ಟಿಯಾಗೇ ಇರತ್ತೆ, ಚೂಪು ಮಾಡುವಾಗ ಬಿದ್ದ ಕೊಡಲಿ ಏಟಿನ ಗುರುತು ಕೂಡ ಹಾಗೇ ಇರತ್ತೆ. ಮೇಲಿನ ಭಾಗ ಬಿಸಿಲಿಗೆ ಬೂದಿ ಬಣ್ಣ ತಿರುಗಿದ್ರೂ ಸುತ್ತಿಗೇಲಿ ತಟ್ಟಿದ್ರೆ ಟಣ್ ಅನ್ನತ್ತೆ. ಹೋಗಿರೋದು ಮಣ್ಣಿನ ಮಟ್ಟದ ಹತ್ರ ಒಂದು ಗೇಣು ಮಾತ್ರ, ಅಲ್ಲಿ ಸೊಂಟ ಸಣ್ಣಗಾಗಿರತ್ತೆ, ಉಗುರಲ್ಲಿ ಕೆರೆದ್ರೆ ಒದ್ದೆ ಕಂದು ಪುಡಿ ಕೈಗೆ ಬರತ್ತೆ.

ಯಾಕೆ ಅಲ್ಲೇ ಅಂದ್ರೆ ಮರ ಕೊಳೆಸೋ ಶಿಲೀಂಧ್ರಕ್ಕೆ ನೀರೂ ಬೇಕು ಗಾಳೀನೂ ಬೇಕು. ತುಂಬಾ ಆಳದಲ್ಲಿ ನೀರಿದೆ, ಗಾಳಿ ಸಾಲಲ್ಲ. ಮೇಲೆ ಗಾಳಿ ಇದೆ, ಆದ್ರೆ ಮಳೆ ನಿಂತ ಮೇಲೆ ಮರ ಒಣಗತ್ತೆ. ಎರಡೂ ಒಟ್ಟಿಗೆ ವರ್ಷದ ಆರೇಳು ತಿಂಗಳು ಸಿಗೋ ಜಾಗ ಅಂದ್ರೆ ಮಣ್ಣಿನ ಮಟ್ಟದಿಂದ ನಾಲ್ಕೈದು ಇಂಚು ಮೇಲೆ, ಒಂದಡಿ ಕೆಳಗೆ. ಗೆದ್ದಲು ಹತ್ತೋದೂ ಅಲ್ಲಿಂದಾನೇ. ಹಾಗಾಗಿ ಕಂಬದ ಬಾಳಿಕೆ ಅಂದ್ರೆ ಆ ಒಂದೂವರೆ ಅಡಿಯ ಬಾಳಿಕೆ, ದುಡ್ಡು ಶ್ರಮ ಎಲ್ಲಾ ಅಲ್ಲಿಗೆ ಹಾಕಿ. ಕಂಬದ ಮೇಲ್ಭಾಗಕ್ಕೆ ಚಂದದ ಪೇಂಟ್ ಹೊಡೆದು ಬುಡ ಹಾಗೇ ಹೂಳೋರನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಇನ್ನೊಂದು ಮಾತು, ಕೊಡಗು ಅಂದ್ರೆ ಒಂದೇ ಮಳೆ ಅಲ್ಲ. ಭಾಗಮಂಡಲ ಕಡೆ ವರ್ಷಕ್ಕೆ 200 ಇಂಚು ದಾಟೋದುಂಟು, ಅದೇ ಕುಶಾಲನಗರಕ್ಕೆ ಇಳಿದ್ರೆ 40–50 ಇಂಚು ಅಷ್ಟೇ. ಕುಶಾಲನಗರದ ನೆಂಟರ ತೋಟದಲ್ಲಿ ಹತ್ತು ವರ್ಷ ನಿಂತ ಕಂಬ ನಾಪೋಕ್ಲು ಕಡೆ ಅಷ್ಟೇ ನಿಲ್ಲತ್ತೆ ಅಂತ ಲೆಕ್ಕ ಹಾಕ್ಬೇಡಿ. ಮಳೆ ಜಾಸ್ತಿ ಇರೋ ಕಡೆ ಕೊಳೆಯೋದು ದೊಡ್ಡ ಸಮಸ್ಯೆ, ಬಯಲು ಸೀಮೆಗೆ ತಾಗಿರೋ ಶನಿವಾರಸಂತೆ, ಕುಶಾಲನಗರದ ಕಡೆ ಗೆದ್ದಲಿನ ಕಾಟ ಜಾಸ್ತಿ.

ಕಲ್ಲುಕಂಬ, ಸಿಮೆಂಟ್ ಕಂಬ ಇರುವಾಗ ಮರ ಯಾಕೆ ಅಂತ ಕೇಳೋರಿಗೆ, ಲಾರಿ ಬರೋ ಜಾಗ ಆದ್ರೆ ಕಲ್ಲುಕಂಬಾನೇ ಹಾಕಿ, ಅದಕ್ಕೆ ನಂದೇನೂ ತಕರಾರಿಲ್ಲ. ಇಳಿಜಾರಿನ ತೋಟದಲ್ಲಿ ಒಂದೊಂದು ಕಲ್ಲನ್ನ ಇಬ್ಬರು ಹೊತ್ತು ಇಳಿಸೋ ಕೂಲಿ ಲೆಕ್ಕ ಹಾಕಿದ್ರೆ, ಮತ್ತೆ ಸ್ವಂತ ತೋಟದಲ್ಲೇ ಮರ ಇದ್ರೆ, ಮರವೇ ಸರಿ. ತಂತಿ ಹೊಡೆಯೋದು, ಬದಲಾಯಿಸೋದು, ಗೇಟ್ ಕೂರಿಸೋದು ಎಲ್ಲಾ ಮರದಲ್ಲಿ ಸುಲಭ.

ಮರ ಆರಿಸೋದು

ಜಾತಿ ಹೆಸರು ಕೇಳೋ ಮೊದ್ಲು ಮರದ ಕತ್ತರಿಸಿದ ತುದಿ ನೋಡೋದು ಕಲೀಬೇಕು. ನಡುವೆ ಗಾಢ ಬಣ್ಣದ ಭಾಗ ಕೆಚ್ಚು, ಸುತ್ತ ಇರೋ ತಿಳಿ ಬಣ್ಣದ ಉಂಗುರ ಬಿಳಿ ಮರ. ಬಿಳಿ ಭಾಗದಲ್ಲಿ ಗಂಜಿ, ಸಕ್ಕರೆ ಅಂಶ ಇರತ್ತೆ, ಕುಟ್ಟೆ ಹುಳಕ್ಕೂ ಶಿಲೀಂಧ್ರಕ್ಕೂ ಅದೇ ಊಟ. ಕೆಚ್ಚಿನಲ್ಲಿ ಮರವೇ ತುಂಬಿಸಿಟ್ಟ ಎಣ್ಣೆ, ರಾಳ, ಒಗರು ಪದಾರ್ಥ ಇರತ್ತೆ, ಬಾಳಿಕೆ ಬರೋದು ಅದರಿಂದ. ಯಾವ ಜಾತಿಯ ಮರ ಆದ್ರೂ ಸರಿ, ಬಿಳಿ ಭಾಗ ನೆಲದಲ್ಲಿ ನಿಲ್ಲಲ್ಲ. "ತೇಗದ ಕಂಬ ಸಾರ್, ಜನ್ಮ ಪೂರ್ತಿ ಬರತ್ತೆ" ಅಂತ ಹೇಳಿ ಕೊಡೋದು ಸಾಮಾನ್ಯವಾಗಿ ಎಳೇ ತೇಗದ ತೆಳು ಕಂಬ, ತುದಿ ನೋಡಿದ್ರೆ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕೆಚ್ಚು, ಉಳಿದಿದ್ದೆಲ್ಲಾ ಬಿಳಿ. ಅದಕ್ಕೆ ತೇಗದ ರೇಟ್ ಕೊಡೋದು ದಂಡ.

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವ್ರು ಸುಮಾರು ಎರಡಡಿ ಉದ್ದ, ಎರಡಿಂಚು ಚೌಕದ ಕೆಚ್ಚಿನ ತುಂಡುಗಳನ್ನ ಅರ್ಧ ಮಣ್ಣಲ್ಲಿ ಹೂತು ಎಷ್ಟು ತಿಂಗಳು ಬಾಳತ್ತೆ ಅಂತ ನೋಡ್ತಾ ಬಂದಿದ್ದಾರೆ, ಐಎಸ್ 401 ಅನ್ನೋ ಭಾರತೀಯ ಮಾನಕದಲ್ಲಿರೋ ವಿಂಗಡಣೆ ಇಂಥ ಪರೀಕ್ಷೆಯ ಮೇಲೇ ನಿಂತಿರೋದು. 120 ತಿಂಗಳು ಮೇಲೆ ಬಂದ್ರೆ ಮೊದಲ ದರ್ಜೆ, 60ರಿಂದ 120 ತಿಂಗಳು ಎರಡನೇದು, 60ಕ್ಕಿಂತ ಕಮ್ಮಿ ಮೂರನೇದು. ಅದು ಎರಡಿಂಚಿನ ತುಂಡಿನ ಲೆಕ್ಕ ಅನ್ನೋದು ನೆನಪಿರಲಿ, ಐದಿಂಚಿನ ಕೆಚ್ಚುಕಂಬ ಅದಕ್ಕಿಂತ ಜಾಸ್ತಿ ನಿಲ್ಲತ್ತೆ.

ನಮ್ಮ ಕಡೆ ಸಿಗೋದ್ರಲ್ಲಿ ಬಲಿತ ತೇಗ, ಹೊನ್ನೆ, ಜಂಬೆ, ಕಿರಾಲ್‌ಬೋಗಿ, ಇವುಗಳ ಕೆಚ್ಚು ನೆಲದಲ್ಲಿ ಚೆನ್ನಾಗಿ ಬಾಳತ್ತೆ. ಮತ್ತಿ, ನಂದಿ ಅವುಗಳ ಹಿಂದೆ. ಹಲಸಿನ ಹಳದಿ ಕೆಚ್ಚೂ ಒಳ್ಳೇದೇ, ಆದ್ರೆ ಹಣ್ಣು ಕೊಡೋ ಹಲಸನ್ನ ಬೇಲಿಗೋಸ್ಕರ ಯಾರೂ ಕಡಿಯಲ್ಲ, ಬಿದ್ದ ಮರ ಇದ್ರೆ ಸರಿ. ಹೊಸದಾಗಿ ಕೊಳ್ಳೋದಕ್ಕಿಂತ ಹಳೇ ಮನೆ ಬಿಚ್ಚಿದಾಗ ಸಿಗೋ ತೊಲೆ, ಪಕಾಸಿ, ಬಾಗಿಲ ಚೌಕಟ್ಟು ಹುಡುಕಿ, ಅದು ಕೆಚ್ಚೇ ಆಗಿರತ್ತೆ, ಒಣಗೀನೂ ಇರತ್ತೆ, ರೇಟೂ ಕಮ್ಮಿ.

ಸಿಲ್ವರ್ ಓಕ್ ಎಲ್ಲರ ತೋಟದಲ್ಲೂ ಇದೆ, ಮೆಣಸು ಹಬ್ಬಿಸೋಕೆ ಹಾಕಿರ್ತೀವಿ, ಗಾಳಿಗೆ ಬಿದ್ದದ್ದೂ ಬೇಕಾದಷ್ಟು ಸಿಗತ್ತೆ. ಆದ್ರೆ ಹಸಿಯಾಗಿ ಕಡಿದು ಹಾಗೇ ನೆಟ್ರೆ ಎರಡು ಮಳೆಗಾಲ ಕಂಡ್ರೆ ಪುಣ್ಯ. ರಬ್ಬರ್ ಅದಕ್ಕಿಂತ ಕಡೆ. ನೀಲಗಿರಿ ಸ್ವಲ್ಪ ವಾಸಿ, ಬಲಿತ ಮರ ಆಗಿರ್ಬೇಕು. ಆದ್ರೆ ಇಲ್ಲೊಂದು ತಿರುವಿದೆ: ಕೊಳೆಯದ ಹಾಗೆ ಮರಕ್ಕೆ ಕೊಡೋ ಔಷಧಿ ಹೀರೋದು ಬಿಳಿ ಮರ, ಕೆಚ್ಚು ಹೀರಲ್ಲ. ಹಾಗಾಗಿ ಔಷಧಿ ಕೊಡಿಸೋದಾದ್ರೆ ಸುತ್ತ ಬಿಳಿ ಉಂಗುರ ಪೂರ್ತಿ ಇರೋ ಉರುಟು ಸಿಲ್ವರ್ ಓಕ್ ಅಥವಾ ನೀಲಗಿರಿ ಕಂಬವೇ ಸರಿ, ಔಷಧಿ ಇಲ್ಲದೆ ನೆಡೋದಾದ್ರೆ ಬಿಳಿ ಭಾಗ ಬಾಚಿಯಲ್ಲಿ ಕೆತ್ತಿ ತೆಗೆದ ಕೆಚ್ಚುಕಂಬ. ಇವೆರಡರ ನಡುವಿನದ್ದು, ಅಂದ್ರೆ ಔಷಧಿ ಇಲ್ಲದ ಬಿಳಿ ಮರ, ಕೂಲಿಗೂ ನಷ್ಟ.

ಡಿಪೋದಲ್ಲಿ ನಿಂತಾಗ ತುದಿ ನೋಡಿ, ಸುತ್ತಿಗೇಲಿ ತಟ್ಟಿ, ಸಣ್ಣ ತೂತು, ಕೆಳಗೆ ಹಿಟ್ಟಿನ ಥರ ಪುಡಿ ಇದ್ರೆ ಕುಟ್ಟೆ ಹಿಡಿದಿದೆ ಅಂತ ಅರ್ಥ, ಬಿಡಿ. ಬುಡದ ಕಡೆ ದೊಡ್ಡ ಗಂಟು ಇರೋದು, ನಾರು ಹಗ್ಗದ ಹಾಗೆ ತಿರುಚಿರೋದು ಬೇಡ, ಒಣಗಿದ ಮೇಲೆ ಅದು ತಿರುಗಿ ತಂತಿ ಸಡಿಲ ಆಗತ್ತೆ.

ಕಡಿಯೋ ಮೊದ್ಲು ಕಾಗದ ನೋಡ್ಕೊಳ್ಳಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಹಾಲುವಾಣ, ಗ್ಲಿರಿಸಿಡಿಯಾ ಥರದ್ದಕ್ಕೆ ಕಡಿಯೋ ಪರ್ಮಿಷನ್‌ನಿಂದ ವಿನಾಯ್ತಿ ಇದೆ, ತೇಗ, ಬೀಟೆ, ಹೊನ್ನೆ ಮುಟ್ಟೋ ಮೊದ್ಲು ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಬಾಣೆ ಜಮೀನು (ಕೊಡಗಿನ ಹಳೇ ಬಗೆಯ ಹಿಡುವಳಿ) ರಿಡೀಮ್ ಆಗಿಲ್ಲ, ಅಂದ್ರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸ್ಕೊಂಡಿಲ್ಲ ಅಂದ್ರೆ, ಮರದ ಹಕ್ಕು ಸರ್ಕಾರದ್ದು, ನೆಲ ನಮ್ದು ತಾನೇ ಅಂತ ಕೊಡಲಿ ಹಾಕಿದ್ರೆ ಕೇಸ್ ಆಗತ್ತೆ. ರೇಂಜ್ ಆಫೀಸಲ್ಲಿ ಮೊದ್ಲೇ ಕೇಳಿ, ಸಾಗಿಸೋಕೆ ಪಾಸ್ ಬೇಕಾ ಅನ್ನೋದನ್ನೂ ಅಲ್ಲೇ ಕೇಳ್ಕೊಳ್ಳಿ.

ಅಳತೆ, ಲೆಕ್ಕ

ನೆಲದ ಮೇಲೆ ಐದಡಿ ಬೇಲಿ ಬೇಕು ಅಂದ್ರೆ ಕಂಬ ಏಳೂವರೆ ಅಡಿ, ಮೂರನೇ ಒಂದು ಭಾಗ ನೆಲದೊಳಗೆ ಅನ್ನೋ ಲೆಕ್ಕ. ಸಾಲಿನ ಕಂಬ ತೆಳು ತುದೀಲೂ ನಾಲ್ಕಿಂಚು ಇರ್ಲಿ, ಮೂಲೆ ಕಂಬ ಮತ್ತು ಗೇಟ್ ಕಂಬ ಆರೇಳು ಇಂಚು, ಉದ್ದಾನೂ ಅರ್ಧ ಅಡಿ ಜಾಸ್ತಿ. ಮುಳ್ಳುತಂತಿಗೂ ಮೆಶ್‌ಗೂ ಎಂಟಡಿಗೆ ಒಂದು ಕಂಬ. 60 ಅಡಿಗೆ 100 ಅಡಿ ಜಾಗ ಅಂದ್ರೆ ಸುತ್ತಳತೆ 320 ಅಡಿ, 40 ಕಂಬ, ಗೇಟಿಗೆ ಇನ್ನೆರಡು, ಒಡೆದು ಸೀಳೋದು ಇದ್ದೇ ಇರತ್ತೆ ಅಂತ ಮೂರ್ನಾಲ್ಕು ಜಾಸ್ತಿ ತನ್ನಿ.

ಕಡಿಯೋದು, ಒಣಗಿಸೋದು

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಡಿಸೆಂಬರ್–ಜನವರೀಲಿ ಕಡಿಯೋದು ಒಳ್ಳೇದು, ಯಾಕಂದ್ರೆ ಮುಂದೆ ಮೂರು ತಿಂಗಳು ಒಣ ಹವೆ ಸಿಗತ್ತೆ. ಅಮಾವಾಸ್ಯೆ ದಿನ ಕಡಿದ್ರೆ ಹುಳ ಹೊಡೆಯಲ್ಲ ಅಂತ ಹಿರಿಯರು ಹೇಳ್ತಾರೆ, ಅಮಾವಾಸ್ಯೆಗೇ ಕಡೀರಿ ಬೇಡ ಅನ್ನಲ್ಲ, ಆದ್ರೆ ಕಡಿದ ವಾರದೊಳಗೆ ತೊಗಟೆ ಸುಲಿಯೋದು ಅದಕ್ಕಿಂತ ಮುಖ್ಯ. ತೊಗಟೆ ಕೆಳಗೆ ತೇವ ನಿಂತಿರತ್ತೆ, ಹುಳ ಮೊಟ್ಟೆ ಇಡೋದೂ ಅಲ್ಲೇ. ಸುಲಿದ ಕಂಬಗಳನ್ನ ನೆಲಕ್ಕೆ ತಾಗದ ಹಾಗೆ ಎರಡು ದಿಮ್ಮಿ ಮೇಲೆ ಅಡ್ಡಡ್ಡ ಪೇರಿಸಿ, ನಡುವೆ ರೀಪರ್ ತುಂಡು ಇಟ್ಟು ಗಾಳಿ ಆಡೋಕೆ ಬಿಡಿ, ಮೇಲೆ ಶೀಟ್ ಹಾಕಿ. ನೇರ ಬಿಸಿಲು ಬಿದ್ರೆ ಸೀಳತ್ತೆ. ತುದಿಗಳಿಗೆ ಪೇಂಟ್ ಬಳಿದ್ರೆ ಬಿರುಕು ಕಮ್ಮಿ.

ಒಣಗಿದೆಯೋ ಇಲ್ವೋ ತಿಳಿಯೋಕೆ ಮೀಟರ್ ಬೇಕಾಗಿಲ್ಲ, ಕಾಫಿ ತೂಗೋ ಕೊಕ್ಕೆ ತಕ್ಕಡಿ ಸಾಕು. ಎರಡು ಕಂಬಕ್ಕೆ ಗುರುತು ಹಾಕಿ ವಾರಕ್ಕೊಂದ್ಸಲ ತೂಗಿ ಸೀಮೆಸುಣ್ಣದಲ್ಲಿ ಅದರ ಮೇಲೇ ಬರೀರಿ, ತೂಕ ಇಳಿಯೋದು ನಿಂತ ಮೇಲೆ ಒಣಗಿದೆ ಅಂತ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬರೋ ಮೊದ್ಲು ಶೀಟ್ ಭದ್ರ ಮಾಡ್ಕೊಳ್ಳಿ.

ಔಷಧಿ

ನಿಜವಾಗ್ಲೂ ಕೆಲಸ ಮಾಡೋದು ಅಂದ್ರೆ ಪ್ರೆಶರ್ ಟ್ರೀಟ್‌ಮೆಂಟ್. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಸಿಸಿಎ ಅನ್ನೋ ದ್ರಾವಣವನ್ನ ಮುಚ್ಚಿದ ಸಿಲಿಂಡರಿನಲ್ಲಿ ಮರದೊಳಗೆ ಒತ್ತಿ ತುಂಬಿಸ್ತಾರೆ, ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಗೆದ್ದಲಿಗೆ, ಕ್ರೋಮಿಯಂ ಇವೆರಡನ್ನೂ ಮಳೆಗೆ ತೊಳೆದು ಹೋಗದ ಹಾಗೆ ಮರಕ್ಕೆ ಅಂಟಿಸೋಕೆ. ಪ್ರಪಂಚ ಪೂರ್ತಿ ಕರೆಂಟ್ ಕಂಬ, ಬೇಲಿಕಂಬಕ್ಕೆ ಬಳಸಿದ ಈ ಔಷಧಿಯನ್ನ 1933ರಲ್ಲಿ ಕಂಡುಹಿಡಿದಿದ್ದು ನಮ್ಮವರೇ, ಡೆಹ್ರಾಡೂನ್ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, ಇದು ಹೆಚ್ಚು ಜನರಿಗೆ ಗೊತ್ತೇ ಇಲ್ಲ. ಆರ್ಸೆನಿಕ್ ಇರೋದ್ರಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಇದನ್ನ ನಿಲ್ಲಿಸಿದ್ರು. ಹಾಗಾಗಿ ಮಕ್ಕಳು ಆಡೋ ಕಡೆ, ಸೊಪ್ಪು ತರಕಾರಿ ಮಡಿಯ ಅಂಚಿಗೆ ಬೇಡ, ತೋಟದ ಹೊರ ಬೇಲಿಗೆ ಸಾಕು. ಆರ್ಸೆನಿಕ್ ಬದಲು ಬೋರಾನ್ ಹಾಕಿದ ಸಿಸಿಬಿನೂ ಇದೆ, ಗೆದ್ದಲಿಗೆ ಸ್ವಲ್ಪ ಕಮ್ಮಿ, ಮಳೆಗೆ ಬೋರಾನ್ ನಿಧಾನಕ್ಕೆ ತೊಳೆದು ಹೋಗತ್ತೆ. ಬರೀ ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣ ಮನೆಯೊಳಗಿನ ಮರಕ್ಕೆ ಸೈ, ಕಕ್ಕಡದ (ಆಟಿ ತಿಂಗಳು, ಜುಲೈ–ಆಗಸ್ಟ್) ಮಳೇಲಿ ನೆಲದಲ್ಲಿ ನಿಲ್ಲೋ ಕಂಬಕ್ಕೆ ಅಲ್ಲ.

ಟ್ರೀಟ್ ಮಾಡಿದ ಕಂಬ ಅಂತ ಕೊಳ್ಳುವಾಗ ಒಂದು ಕಂಬದ ತುದಿ ಕತ್ತರಿಸಿ ತೋರಿಸಿ ಅಂತ ಕೇಳಿ. ಹಸಿರು ಬಣ್ಣ ಬಿಳಿ ಭಾಗದ ಒಳಗೆ ಪೂರ್ತಿ ಇಳಿದಿರ್ಬೇಕು, ಮೇಲೆ ಬಳೆಯ ಹಾಗೆ ಒಂದು ಗೆರೆ ಮಾತ್ರ ಇದ್ರೆ ಅದು ಅದ್ದಿ ತೆಗೆದಿದ್ದು. ಒಂದು ಘನ ಮೀಟರ್ ಮರಕ್ಕೆ ಎಷ್ಟು ಕೆಜಿ ಔಷಧಿ ಹೋಗಿದೆ ಅಂತಾನೂ ಕೇಳಿ, ನೆಲಕ್ಕೆ ತಾಗೋ ಮರಕ್ಕೆ ಅಮೆರಿಕದ ಮಾನದಂಡ ಸಿಸಿಎಗೆ 6.4 ಕೆಜಿ. ಉತ್ತರ ಕೊಡೋಕೆ ತಡಬಡಾಯಿಸಿದ್ರೆ ಬೇರೆ ಕಡೆ ನೋಡಿ. ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರ ಸಂರಕ್ಷಣೆ ವಿಚಾರದಲ್ಲಿ ಕೇಳೋಕೆ ಅದು ಸರಿಯಾದ ಜಾಗ. ಮತ್ತೆ ಟ್ರೀಟ್ ಆದ ಕಂಬದ ಬುಡ ಯಾವತ್ತೂ ಕತ್ತರಿಸ್ಬೇಡಿ, ಚೂಪು ಮಾಡ್ಬೇಡಿ, ಉದ್ದ ಜಾಸ್ತಿ ಆದ್ರೆ ತಲೆ ಕತ್ತರಿಸಿ. ತುಂಡುಗಳನ್ನ ನೀರೊಲೆಗೆ ಹಾಕೋದಂತೂ ಬೇಡವೇ ಬೇಡ, ಹೊಗೇನೂ ವಿಷ, ಬೂದೀನೂ ವಿಷ.

ಮನೇಲೇ ಮಾಡೋದಾದ್ರೆ ಕಲ್ಲಿದ್ದಲಿನ ಟಾರಿನಿಂದ ತೆಗೆಯೋ ಕ್ರಿಯೋಸೋಟ್ ಎಣ್ಣೆಯ ಬಿಸಿ–ತಣ್ಣಗೆ ಪದ್ಧತಿ ಇದೆ. ಒಣಗಿದ ಕಂಬದ ಬುಡದ ಮೂರಡಿ ಡ್ರಮ್ಮಿನಲ್ಲಿ ಮುಳುಗೋ ಹಾಗೆ ನಿಲ್ಲಿಸಿ ಎಣ್ಣೆಯನ್ನ 90 ಡಿಗ್ರಿ ತನಕ ಕೆಲವು ಗಂಟೆ ಬಿಸಿ ಮಾಡ್ತಾರೆ, ಆಮೇಲೆ ಬೆಂಕಿ ತೆಗೆದು ಎಣ್ಣೇಲೇ ತಣ್ಣಗಾಗೋಕೆ ಬಿಡ್ತಾರೆ. ಬಿಸಿಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಿರತ್ತೆ, ತಣ್ಣಗಾಗುವಾಗ ಆ ಜಾಗಕ್ಕೆ ಎಣ್ಣೆ ಎಳ್ಕೊಳ್ಳತ್ತೆ. ಕಂಬ ಹಸಿ ಇದ್ರೆ ಇದು ನಡೆಯಲ್ಲ. ಬೆಂಕಿ ಅಪಾಯ ಇದೆ, ಚರ್ಮಕ್ಕೆ, ಉಸಿರಿಗೆ ಕೆಟ್ಟದ್ದು, ಕ್ಯಾನ್ಸರ್ ತರೋ ಪದಾರ್ಥಾನೂ ಹೌದು, ಗ್ಲೌಸ್ ಹಾಕಿ, ಬಯಲಲ್ಲಿ ಮಾಡಿ, ತೋಡು, ಬಾವಿ, ಕೆರೆಯಿಂದ ದೂರ ಇರಿ.

ಕರಾವಳಿಯಲ್ಲಿ ದೋಣಿಗೆ ಬಳಿಯೋ ಗೇರುಬೀಜದ ಸಿಪ್ಪೆ ಎಣ್ಣೆ ಮೇಲಿಂದ ಬಳಿಯೋದ್ರಲ್ಲಿ ವಾಸಿ, ಮಂಗಳೂರು ಕಡೆಯಿಂದ ತರಿಸ್ಬಹುದು, ಕೈಗೆ ತಾಗಿದ್ರೆ ಸುಡತ್ತೆ. ಬ್ರಷ್‌ನಲ್ಲಿ ಬಳಿದ ಯಾವುದೇ ಆದ್ರೂ ಒಳಗೆ ಇಳಿಯೋದು ಒಂದೆರಡು ಮಿಲಿಮೀಟರ್ ಅಷ್ಟೇ, ಬಿರುಕು ಬಿಟ್ಟ ದಿನ ನೀರು ಅದನ್ನ ದಾಟಿ ಒಳಗೆ ಹೋಗತ್ತೆ. ವರ್ಕ್‌ಶಾಪಿನ ಕರಿ ಆಯಿಲ್ ಬಗ್ಗೆ ಎಲ್ಲರೂ ಕೇಳ್ತಾರೆ, ಅದರಲ್ಲಿ ಶಿಲೀಂಧ್ರ ಕೊಲ್ಲೋ ಅಂಶ ಇಲ್ಲ, ಮಣ್ಣು ಮಾತ್ರ ಹಾಳು. ಬುಡ ಸುಟ್ಟು ಕರಿ ಮಾಡೋದೂ ಹಾಗೇ, ಕರಿ ಪದರವೇನೋ ಕೊಳೆಯಲ್ಲ, ಅದರ ಕೆಳಗಿನ ಮರ ಬಿಸಿಗೆ ಸೀಳಿರತ್ತೆ. ಹಸಿ ಕಂಬಕ್ಕೆ ಡಾಂಬರು ಬಳಿಯೋದು ಇವೆಲ್ಲಕ್ಕಿಂತ ಕೆಟ್ಟದ್ದು, ಒಳಗಿನ ನೀರು ಒಳಗೇ ಉಳಿದು ಕಂಬ ಒಳಗಿಂದ ಕೊಳೆಯತ್ತೆ, ಹೊರಗೆ ಏನೂ ಕಾಣ್ಸಲ್ಲ.

ನೆಡೋದು

ಮಾರ್ಚ್–ಏಪ್ರಿಲ್‌ನಲ್ಲಿ, ಒಂದು ಹೂಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಗುಂಡಿ ತೆಗೆಯೋದು ಸುಲಭ. ಜೂನ್‌ನಲ್ಲಿ ಕೆಸರಲ್ಲಿ ನೆಟ್ಟ ಕಂಬ ಬಿಗಿಯಾಗಲ್ಲ. ಮೊದ್ಲು ನಾಲ್ಕು ಮೂಲೆ ಕಂಬ ನೆಟ್ಟು ನಡುವೆ ದಾರ ಎಳೀರಿ, ಆಮೇಲೆ ಎಂಟೆಂಟು ಅಡಿಗೆ ಗುರುತು. ಗುಂಡಿ ತೆಗೆಯೋ ಮಷಿನ್ ಬಾಡಿಗೆಗೆ ಸಿಗತ್ತೆ, ಕಲ್ಲು ಬೇರು ಇರೋ ಕಡೆ ಹಾರೆಯೇ ಗತಿ. ಗುಂಡಿ ಅಗಲ ಕಂಬಕ್ಕಿಂತ ಸುತ್ತ ಮೂರು ಇಂಚು ಜಾಸ್ತಿ ಇದ್ರೆ ಸಾಕು, ದೊಡ್ಡದು ತೋಡಿದಷ್ಟೂ ಸಡಿಲ ಮಣ್ಣು ಜಾಸ್ತಿ.

ಗುಂಡಿ ತಳಕ್ಕೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಕಂಬ, ದಪ್ಪ ತುದಿ ಕೆಳಗೆ. ಆಮೇಲೆ ತುಂಬಿಸೋದೇ ಅಸಲಿ ಕೆಲಸ, ಆದ್ರೆ ಎಲ್ಲರೂ ಅವಸರ ಮಾಡೋದು ಇಲ್ಲೇ. ಅರ್ಧ ಅಡಿ ಮಣ್ಣು ಹಾಕಿ ಹಾರೆಯ ಹಿಂಭಾಗದಲ್ಲಿ ಸುತ್ತಲೂ ಜಡಿಯಿರಿ, ಹಾರೆ ಮಣ್ಣಲ್ಲಿ ಹೂತು ಹೋಗೋದು ನಿಂತು ಕೈಗೆ ಎದುರೇಟು ಬರೋ ತನಕ ಜಡಿದು ಮತ್ತೆ ಅರ್ಧ ಅಡಿ. ಒಂದೇ ಸಲ ಪೂರ್ತಿ ಮಣ್ಣು ತುಂಬಿಸಿ ಮೇಲೆ ಕಾಲಲ್ಲಿ ತುಳಿದ್ರೆ ಕೆಳಗೆ ಪೊಳ್ಳು ಉಳಿಯತ್ತೆ, ಮೊದಲ ಮಳೆಗೇ ಕಂಬ ಅಲ್ಲಾಡತ್ತೆ. ತುಂಬಿಸೋ ಮಣ್ಣಲ್ಲಿ ತರಗೆಲೆ, ಬೇರು, ತೊಗಟೆ ಚೂರು ಇರ್ಬಾರ್ದು, ಗೆದ್ದಲಿಗೆ ಕರೆದು ಊಟ ಹಾಕಿದ ಹಾಗೆ ಆಗತ್ತೆ. ಮೇಲಿನ ಒಂದಡಿಗೆ ಮಣ್ಣಿನ ಬದಲು ಜಲ್ಲಿಯನ್ನೇ ಜಡಿದ್ರೆ ಇನ್ನೂ ಒಳ್ಳೇದು, ಮಳೆ ನಿಂತ ಕೂಡ್ಲೇ ಆ ಭಾಗ ಒಣಗತ್ತೆ. ಆದ್ರೆ ನೀರು ಕೆಳಗೆ ಇಂಗೋ ಮಣ್ಣಾದ್ರೆ ಮಾತ್ರ, ಅಂಟು ಮಣ್ಣಲ್ಲಿ ಗುಂಡಿ ನೀರು ತುಂಬಿದ ಬಕೆಟ್ ಆಗತ್ತೆ, ಅಲ್ಲಿ ಮಣ್ಣನ್ನೇ ಜಡಿದು ಕಂಬದ ಸುತ್ತ ದಿಬ್ಬ ಮಾಡಿ ಹೊರಗಡೆಗೆ ಇಳಿಜಾರು ಕೊಡಿ.

ಕಾಂಕ್ರೀಟ್ ಹಾಕ್ಬೇಕಾ? ಸಾಲಿನ ಕಂಬಕ್ಕೆ ಬೇಡ. ಬೇಸಿಗೇಲಿ ಮರ ಕುಗ್ಗಿ ಕಾಂಕ್ರೀಟಿಗೂ ಮರಕ್ಕೂ ನಡುವೆ ಸಂದು ಬೀಳತ್ತೆ, ಮಳೇಲಿ ಅಲ್ಲಿ ನೀರು ನಿಂತ್ರೆ ಹೊರಗೆ ಹೋಗೋಕೆ ದಾರಿ ಇಲ್ಲ. ಗೇಟ್ ಕಂಬಕ್ಕೆ ಹಾಕ್ಲೇಬೇಕು ಅಂದ್ರೆ ತಳ ಮುಚ್ಬೇಡಿ, ಕಂಬ ಜಲ್ಲಿ ಮೇಲೇ ನಿಂತಿರ್ಲಿ, ಸುತ್ತ ಮಾತ್ರ ಕಾಂಕ್ರೀಟ್, ಅದನ್ನ ನೆಲದಿಂದ ಎರಡಿಂಚು ಮೇಲೆ ತಂದು ಹೊರಕ್ಕೆ ಓರೆ ಮಾಡಿ. ಅದಕ್ಕಿಂತ ಒಳ್ಳೇ ದಾರಿ ಕೊಡವರ ಹಳೇ ಮನೆತನದ ಮನೆಯಾದ ಐನ್‌ಮನೆ ಜಗಲೀಲೇ ಇದೆ, ಅಲ್ಲಿ ಮರದ ಕಂಬ ಕಲ್ಲಿನ ಮೇಲೆ ಕೂತಿರತ್ತೆ, ಮಣ್ಣಿಗೆ ತಾಗೋದೇ ಇಲ್ಲ. ಬೇಲಿಗೂ ಹಾಗೇ ಮೂರಡಿ ಕಲ್ಲಿನ ತುಂಡು ಅಥವಾ ದಪ್ಪ ಆಂಗಲ್ ಕಬ್ಬಿಣವನ್ನ ಕಾಂಕ್ರೀಟಿನಲ್ಲಿ ನಿಲ್ಲಿಸಿ, ಮರವನ್ನ ನೆಲದಿಂದ ಮೂರಿಂಚು ಮೇಲೆ ಎರಡು ಬೋಲ್ಟ್‌ನಲ್ಲಿ ಬಿಗಿದ್ರೆ ಸಾಧಾರಣ ಮರವೂ ಎಷ್ಟೋ ವರ್ಷ ಬಾಳತ್ತೆ. ಖರ್ಚು ಜಾಸ್ತಿ, ಗೇಟು ಮತ್ತು ಮನೆ ಮುಂದಿನ ಬೇಲಿಗೆ ಮಾಡಿ.

ಕಂಬದ ತಲೆಯನ್ನ ಓರೆಯಾಗಿ ಕತ್ತರಿಸಿ, ನೀರು ನಿಲ್ಲದೆ ಜಾರ್ಲಿ, ಮೇಲೆ ಹಳೇ ಜಿಂಕ್ ಶೀಟಿನ ತುಂಡು ಮಡಚಿ ಹೊಡೆದ್ರೆ ಇನ್ನೂ ಒಳ್ಳೇದು.

ಮೂಲೆ ಕಂಬ ವಾಲೋದು ತಂತಿಯ ಎಳೆತಕ್ಕೆ. ಬೇಲಿ ಸಾಲಿನ ಒಳಗಡೆಯಿಂದ ಓರೆಯಾಗಿ ಒಂದು ಸಪೋರ್ಟ್ ಕಂಬ ಕೊಡಿ, ಅದರ ಬುಡಕ್ಕೆ ಒಂದು ಚಪ್ಪಡಿ ಕಲ್ಲು ಇಡಿ, ಇಲ್ಲಾಂದ್ರೆ ಅದು ಮಣ್ಣಲ್ಲಿ ಇಳಿಯತ್ತೆ. ಎರಡು ಕಡೆ ತಂತಿ ಹೋಗೋ ಮೂಲೆಗೆ ಎರಡು ಸಪೋರ್ಟ್. ಮೂಲೆ ಮಣ್ಣು ಕೂರೋಕೆ ಎರಡು ವಾರ ಬಿಟ್ಟು ತಂತಿ ಎಳೀರಿ.

ತಂತಿಗೆ ಯು ಆಕಾರದ ಜಿಐ ಮೊಳೆ. ಎರಡು ಕಾಲೂ ಒಂದೇ ನಾರಿನ ಗೆರೇಲಿ ಇಳಿದ್ರೆ ಕಂಬ ಸೀಳತ್ತೆ, ಸ್ವಲ್ಪ ಓರೆ ಹಿಡಿದು ಹೊಡೀರಿ, ಮತ್ತೆ ಪೂರ್ತಿ ಒಳಗೆ ಜಡೀಬೇಡಿ, ತಂತಿ ಆಚೀಚೆ ಜಾರೋಕೆ ಬಿಡಬೇಕು, ಮೂಲೇಲಿ ಮಾತ್ರ ಬಿಗಿಯಾಗಿ ಕಟ್ಟಿ. ಕಾಡುಹಂದಿ ಇರೋ ಕಡೆ ಕೆಳಗಿನ ತಂತಿ ನೆಲದಿಂದ ಐದಾರು ಇಂಚಿಗೇ ಇರ್ಲಿ. ಆನೆಗೆ ಇದೆಲ್ಲಾ ಲೆಕ್ಕಕ್ಕಿಲ್ಲ, ಸಿದ್ದಾಪುರ ಕಡೆಯವ್ರಿಗೆ ಹೇಳೋದೇ ಬೇಡ, ಆನೆ ತಡೆಯೋಕೆ ಇಲಾಖೆಯವ್ರು ರೈಲ್ವೆ ಕಂಬಿ ಹಾಕಿರೋದು ಸುಮ್ನೆ ಅಲ್ಲ. ಹಾಗಂತ ಬೇಲಿಗೆ ಮನೆ ಕರೆಂಟ್ ನೇರ ಕೊಡೋದು ಅಪರಾಧ, ಮನುಷ್ಯರೂ ಸಾಯ್ತಾರೆ. ಸೋಲಾರ್ ಬೇಲಿಗೆ ಬಿಟ್ಟು ಬಿಟ್ಟು ಶಾಕ್ ಕೊಡೋ ಎನರ್ಜೈಸರ್ ಹಾಕೋದಾದ್ರೆ ಮರದ ಕಂಬಕ್ಕೂ ಇನ್ಸುಲೇಟರ್ ಬೇಕೇ ಬೇಕು, ಒದ್ದೆ ಮರ ಕರೆಂಟನ್ನ ನೆಲಕ್ಕೆ ಹರಿಸತ್ತೆ.

ಜೀವಂತ ಗೂಟ

ಎರಡು ಮರದ ಕಂಬದ ನಡುವೆ ಹಾಲುವಾಣ ಅಥವಾ ಗ್ಲಿರಿಸಿಡಿಯಾ ಗೂಟ ನೆಟ್ರೆ ಖರ್ಚು ಅರ್ಧ ಆಗತ್ತೆ. ಮರ ಕಪಾತು ಮಾಡುವಾಗ ಬೀಳೋ ಕೈ ದಪ್ಪದ, ಆರಡಿ ಉದ್ದದ ಕೊಂಬೆ ಸಾಕು. ಮೇ ಕೊನೇಲಿ, ಮುಂಗಾರು ಹತ್ರ ಬಂದಾಗ ಒಂದೂವರೆ ಅಡಿ ಆಳಕ್ಕೆ ನೆಡಿ, ಬುಡ ಮೇಲು ತಿರುವಿ ನೆಟ್ರೆ ಚಿಗುರಲ್ಲ. ಮೊದಲ ವರ್ಷ ತಂತಿ ಹೊಡೀಬೇಡಿ. ಆಮೇಲೂ ಮೊಳೆ ಬೇಡ, ತೊಗಟೆ ತಂತಿ ನುಂಗತ್ತೆ, ಹಳೇ ಟ್ಯೂಬ್ ತುಂಡು ಸುತ್ತಿ ಕಟ್ಟಿ. ವರ್ಷಕ್ಕೆರಡು ಸಲ ತಲೆ ಕಡೀಬೇಕು, ಆ ಸೊಪ್ಪು ಗೊಬ್ಬರ. ಬರೀ ಜೀವಂತ ಗೂಟದ ಬೇಲಿ ನಂಬಿ ಮೂಲೆ ಕಂಬ ಬಿಡೋಕಾಗಲ್ಲ, ಬಿಗಿ ಎಳೆತ ಅವು ತಡೆಯಲ್ಲ.

ವರ್ಷಕ್ಕೊಂದ್ಸಲ

ಮಳೆಗಾಲ ಮುಗಿದು ಅಕ್ಟೋಬರ್ ಕೊನೇಲಿ, ತೋಟದ ಕಾಡು (ಕಳೆ) ಹೊಡೆಸುವಾಗಲೇ ಬೇಲಿ ಸುತ್ತ ಒಂದು ಸುತ್ತು ಹಾಕಿ. ಕಂಬದ ಬುಡದಲ್ಲಿ ಸೇರಿದ ತರಗೆಲೆ, ಕಾಫಿ ಸಿಪ್ಪೆ ಎಳೆದು ಹಾಕಿ, ಗೆದ್ದಲಿನ ಮಣ್ಣುದಾರಿ ಮೇಲೆ ಹತ್ತಿದ್ರೆ ಒಡೆದು ಬಿಡಿ, ನೆಲದಿಂದ ಎರಡಿಂಚು ಕೆಳಗೆ ಕೆರೆದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕಾಲಿಂಚು ಹೋದ್ರೆ ಚಿಂತೆ ಇಲ್ಲ. ಒಂದಿಂಚು ಸಲೀಸಾಗಿ ಇಳಿದ್ರೆ ಆ ಕಂಬ ಮುಂದಿನ ಕಕ್ಕಡ ನೋಡಲ್ಲ. ಅಂಥದ್ದನ್ನ ಪೂರ್ತಿ ಕಿತ್ತು ಬಿಸಾಡೋ ಅಗತ್ಯ ಇಲ್ಲ, ಕೊಳೆತ ಭಾಗ ಕತ್ತರಿಸಿ, ಪಕ್ಕದಲ್ಲಿ ಕಲ್ಲಿನ ತುಂಡು ನೆಟ್ಟು ಮೇಲಿನ ಗಟ್ಟಿ ಮರವನ್ನ ಅದಕ್ಕೆ ಬೋಲ್ಟ್ ಹಾಕಿ, ತಂತಿ ಬಿಚ್ಚೋ ಕೆಲಸವೇ ಇರಲ್ಲ.